ಹೊಸ್ತಿಲಲ್ಲಿ ಸಿಕ್ಕ ವೀಳ್ಯ

ಶಿಗ್ಗಾಂವಿ: ನೋಟುಬುಕ್ಕಿನಲ್ಲಿ

ಉಬುದ್‌ಗೆ ನಾನು ಮೊದಲ ಸಲ ಹೋಗಿ ಬಂದದ್ದು ಇನ್ನೂರು ಪುಟದ ಒಂದು ನೋಟುಬುಕ್ಕಿನಲ್ಲಿ. ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ, ಸಮುದ್ರದಿಂದ ಒಳಗೆ, ಭತ್ತದ ಗದ್ದೆಗಳ ನಡುವೆ ಇರುವ ಊರು ಅದು. ಪುಟ್ಟ ಊರಾದರೂ ಜಗತ್ತಿನ ಜನವೆಲ್ಲ ಅಲ್ಲಿಗೆ ಮುಗಿಬೀಳುತ್ತಾರೆ. ಶಿಗ್ಗಾಂವಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತ ಇಪ್ಪತ್ತಾರು ವರ್ಷ ಪಾಠದ ಟಿಪ್ಪಣಿ ಬರೆದ ಕೈ ನನ್ನದು. ದಸರಾ ರಜೆಯ ಏಳು ದಿನಕ್ಕೂ ಟಿಪ್ಪಣಿ ಬರೆಯದೆ ಬಿಟ್ಟೀತೇ? ಬೆಳಿಗ್ಗೆ ಏನು ನೋಡುವುದು, ಮಧ್ಯಾಹ್ನ ಎಲ್ಲಿ ಉಣ್ಣುವುದು, ಮಳೆ ಬಂದರೆ ಏನು, ಬಾರದಿದ್ದರೆ ಏನು ಎಂದು ಕೆಂಪು ಶಾಯಿ, ನೀಲಿ ಶಾಯಿಯಲ್ಲಿ ಬರೆದಿಟ್ಟಿದ್ದೆ. ಅದನ್ನೆಲ್ಲ ಒಪ್ಪಿಸಿ ನಿಮಗೆ ಬೇಸರ ತರುವುದಿಲ್ಲ. ಬರೆದದ್ದರಲ್ಲಿ ಬರೆದಂತೆ ನಡೆದದ್ದು ಎರಡೇ ಸಂಗತಿ: ವಿಮಾನ ಹತ್ತಿದ್ದು ಮತ್ತು ಇಳಿದದ್ದು.

ನಮ್ಮ ಯಜಮಾನರು ಮೊದಲೇ ಕೈ ಎತ್ತಿಬಿಟ್ಟಿದ್ದರು. "ನೆಲದ ಮ್ಯಾಲ ಎಲ್ಲಿ ಬೇಕಾದ್ರೂ ಬರ್ತೇನಿ, ಮ್ಯಾಲ ಹಾರೂದು ನನ್ನಿಂದ ಆಗೂದಿಲ್ಲ. ನಿಮ್ಮಕ್ಕನ್ನ ಕರ್ಕೊಂಡು ಹೋಗು" ಎಂದರು. ಹೇಳುವುದೇನೋ ಸುಲಭ. ನನ್ನಕ್ಕ ಗಂಗವ್ವನನ್ನು ಒಪ್ಪಿಸುವುದು ವೀಸಾಕ್ಕಿಂತ ಕಷ್ಟದ ಕೆಲಸ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನಮ್ಮ ತವರು ಹಿರೇಕೆರೂರು ಕಡೆಯ ಮಾಸೂರು; ಮದಗದ ಕೆರೆಯ ನೀರಿನ ಗದ್ದೆಗಳಲ್ಲಿ ಕೆಸರು ತುಳಿದು ಬೆಳೆದವರು ನಾವು. ಅವಳನ್ನು ಕೊಟ್ಟದ್ದು ಸವಣೂರಿಗೆ, ಎಲೆಬಳ್ಳಿ ತೋಟದ ಮನೆಗೆ. ಸವಣೂರಿನ ವೀಳ್ಯದೆಲೆಯ ರುಚಿ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅವಳ ಗಂಡ, ನಮ್ಮ ಮಾವ, ತೀರಿಕೊಂಡ ಮೇಲೂ ತೋಟ ನಡೆಸುತ್ತಿರುವವಳು ಅವಳೇ. ಉಂಡ ಮೇಲೆ ಎಲೆ, ಸಿಟ್ಟು ಬಂದರೆ ಎಲೆ, ಸಿಟ್ಟು ಇಳಿದರೂ ಎಲೆ. ಸೊಂಟದಲ್ಲಿ ಎಲೆಯ ಸಂಚಿ ಇಲ್ಲದ ಅಕ್ಕನನ್ನು ನಾನು ನೋಡಿಯೇ ಇಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಈ ಪ್ರವಾಸ ನಾನು ಅಕ್ಕನಿಗೆ ಕೊಡಲು ಹೊರಟಿದ್ದ ಒಂದು ಬಗೆಯ ಲಂಚವಾಗಿತ್ತು. ಸುತ್ತಲಿನ ಊರುಗಳ ಮದುವೆಗಳಿಗೆಲ್ಲ ಎಲೆ ಹೋಗುವುದು ಅವಳ ತೋಟದಿಂದ. ಆದರೆ ಮಾವ ಹೋದ ಒಂಬತ್ತು ವರ್ಷಗಳಿಂದ ಆ ಎಲೆಯಲ್ಲಿ ಒಂದನ್ನಾದರೂ ಅವಳ ಕೈಗಿಟ್ಟು "ಶಾಸ್ತ್ರಕ್ಕೆ ಬಾ" ಎಂದು ಕರೆದವರಿಲ್ಲ. ಬೇರೆಯವರ ಮಾತು ಬಿಡಿ. ನನ್ನ ಮಗಳು ಸುಮಾಳ ನಿಶ್ಚಯದ ದಿನ ಅಕ್ಕ ಎರಡು ಕಟ್ಟು ಎಲೆ ಹೊತ್ತು ಬೆಳಿಗ್ಗೆಯ ಬಸ್ಸಿಗೇ ಬಂದಿದ್ದಳು. ಉಡಿ ತುಂಬುವ ಹೊತ್ತಿಗೆ ನಮ್ಮ ಅತ್ತೆಯವರು ಅವಳ ಕಡೆ ಒಮ್ಮೆ ನೋಡಿದರು. ಅಕ್ಕ ಯಾರೂ ಏನೂ ಹೇಳುವ ಮೊದಲೇ ಎದ್ದು ಅಡುಗೆಮನೆಗೆ ಹೋಗಿ ಬೆಳ್ಳುಳ್ಳಿ ಸುಲಿಯುತ್ತ ಕೂತಳು. ನಾನು ನೋಡಿದೆ. ನೋಡಿಯೂ ಬಾಯಿಗೆ ಬೀಗ ಹಾಕಿಕೊಂಡೆ. ದೀಪಾವಳಿ ಕಳೆದ ಮೇಲೆ ಮದುವೆ ಇತ್ತು. ಅಂದಾದರೂ ಅಕ್ಕನನ್ನು ಎಲ್ಲರೆದುರು ಕರೆಯುವ ಧೈರ್ಯ ನನಗೆ ಬಂದೀತೇ ಎಂಬ ಪ್ರಶ್ನೆ ನೋಟುಬುಕ್ಕಿನ ಯಾವ ಪುಟದಲ್ಲೂ ಇರಲಿಲ್ಲ, ತಲೆಯಲ್ಲಿ ಮಾತ್ರ ಇತ್ತು.

ಅಕ್ಕನಿಗೆ ಪಾಸ್‌ಪೋರ್ಟ್ ಮಾಡಿಸಿದ್ದೇ ಒಂದು ಪುರಾಣ. ವಿಚಾರಣೆಗೆಂದು ಪೊಲೀಸಪ್ಪ ತೋಟಕ್ಕೆ ಬಂದ. ವಾರದ ಹಿಂದೆ ತೋಟದಲ್ಲಿ ಎಲೆ ಕಳುವಾಗಿತ್ತು. ಅದಕ್ಕೇ ಬಂದಿದ್ದಾನೆಂದು ತಿಳಿದು ಇವಳು ಬಳ್ಳಿ ಬಳ್ಳಿಗೂ ಕರೆದೊಯ್ದು ಕಳುವಾದ ಜಾಗ ತೋರಿಸಿದಳು. ಆತ ಬೆವರು ಒರೆಸಿಕೊಳ್ಳುತ್ತ, "ಅವ್ವಾ, ನೀವು ಪರದೇಶಕ್ಕ ಹೊಂಟೀರೋ ಇಲ್ಲೋ, ಅಷ್ಟು ಹೇಳ್ರಿ ಸಾಕು" ಎಂದನಂತೆ. "ಅದನ್ನ ನನ್ನ ತಂಗಿನ್ನ ಕೇಳ್ರಿ, ನೋಟುಬುಕ್ಕು ಆಕಿ ಕಡೆ ಐತಿ" ಎಂದಳಂತೆ ಇವಳು.

ಎಲೆಯ ವಿಚಾರ ನಾನು ಮೊದಲೇ ಹೇಳಿದ್ದೆ. ಆ ದೇಶದೊಳಗೆ ಹಸಿ ಎಲೆ, ಕಾಯಿ ಬಿಡುವುದಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದದ್ದನ್ನು ಎರಡು ಸಲ ಓದಿ ಹೇಳಿದ್ದೆ. ಅಕ್ಕ ಅಷ್ಟೂ ಕೇಳಿಸಿಕೊಂಡು "ಹೂಂ" ಅಂದಿದ್ದಳು. ಆ "ಹೂಂ" ಒಪ್ಪಿಗೆಯಲ್ಲ ಎಂಬುದನ್ನು ಇಷ್ಟು ವರ್ಷವಾದರೂ ನಾನು ಕಲಿತಿಲ್ಲ.

ವಿಮಾನ ನಿಲ್ದಾಣ: ಇಳಕಲ್ ಸೀರೆಯ ಮಡಿಕೆ

ಬಾಲಿಯಲ್ಲಿ ಇಳಿದು ಸಾಮಾನು ತಪಾಸಣೆಯ ಸಾಲಿನಲ್ಲಿ ನಿಂತೆವು. ಯಂತ್ರದೊಳಗಿಂದ ಬಂದ ಅಕ್ಕನ ಚೀಲವನ್ನು ಬದಿಗೆ ತೆಗೆದಿಟ್ಟರು. ಎಳೆಯ ವಯಸ್ಸಿನ ಅಧಿಕಾರಿಣಿಯೊಬ್ಬಳು ಕೈಗವಸು ಹಾಕಿಕೊಂಡು ಇಳಕಲ್ ಸೀರೆಯ ಒಂದೊಂದೇ ಮಡಿಕೆ ಬಿಚ್ಚಿದಳು. ಪ್ರತಿ ಮಡಿಕೆಯಲ್ಲೂ ಒದ್ದೆ ಬಟ್ಟೆ, ಬಟ್ಟೆಯೊಳಗೆ ಬಾಳೆಎಲೆ, ಬಾಳೆಎಲೆಯೊಳಗೆ ಸವಣೂರಿನ ಎಲೆ. ಸೆರಗಿನ ಗಂಟಿನಲ್ಲಿ ಅಡಕೆ. ಸೀರೆಗಳೆಲ್ಲ ತೊಪ್ಪೆಯಾಗಿದ್ದವು.

ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಅಧಿಕಾರಿಣಿ ಗದರಿಸಲಿಲ್ಲ, ಒಳಗೆ ಬಿಡುವಂತಿಲ್ಲ ಎಂದು ಕೈಸನ್ನೆ ಮಾಡಿದಳು. ಅಕ್ಕ ಆಕೆಯ ಮುಖವನ್ನೇ ನೋಡುತ್ತ ಅಚ್ಚ ಕನ್ನಡದಲ್ಲಿ, "ಇಟ್ಕೊಳ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಸಂಜಿಕ ಒಮ್ಮಿ ನೀರು ಚಿಮುಕಿಸ್ರಿ, ಇಲ್ಲಂದ್ರ ಬಾಡ್ತಾವು" ಎಂದಳು. ಆಕೆ ಏನು ತಿಳಿದಳೋ, ಎರಡೂ ಕೈ ಜೋಡಿಸಿ ನಕ್ಕಳು. ಎಲೆಯೂ ಅಡಕೆಯೂ ಅಲ್ಲೇ ಉಳಿದವು. ಅಕ್ಕನ ಪಾಲಿಗೆ ಬಂದದ್ದು ಸುಣ್ಣದ ಸ್ಟೀಲ್ ಡಬ್ಬಿಯೊಂದೇ.

ಉಬುದ್‌ವರೆಗಿನ ದಾರಿಯುದ್ದಕ್ಕೂ ಅಕ್ಕ ಮುಖ ಗಂಟು ಹಾಕಿಕೊಂಡೇ ಕೂತಿದ್ದಳು. ಕಿಟಕಿಯ ಆಚೆ ಕಲ್ಲಿನ ದೇವತೆಗಳು ಕಪ್ಪು-ಬಿಳಿ ಚೌಕಳಿಯ ಪಂಚೆ ಉಟ್ಟು ನಿಂತಿದ್ದರು. ಮರಗಳಿಗೂ ಅದೇ ಪಂಚೆ. ನಾನು "ನೋಡು ನೋಡು" ಎಂದೆ. "ನೋಡಾಕತ್ತೇನಿ. ಬಾಯಾಗ ಎಲಿ ಇಲ್ಲಂದ್ರ ಕಣ್ಣಿಗೆ ಏನೂ ಕಾಣೂದಿಲ್ಲ" ಎಂದಳು. ಹೊರಗೆ ಸಣ್ಣಗೆ ಮಳೆ ಹಿಡಿದಿತ್ತು.

ಮೊದಲ ಬೆಳಗು

ನಾವು ಇಳಿದುಕೊಂಡದ್ದು ಹೋಟೆಲಿನಲ್ಲಲ್ಲ, ಒಂದು ಕುಟುಂಬದ ಮನೆಯಂಗಳದಲ್ಲಿ. ನಾಲ್ಕು ಕಡೆ ಗೋಡೆ, ಕೆತ್ತನೆಯ ಬಾಗಿಲು, ಒಳಗೆ ಅಂಗಳದ ಸುತ್ತ ಬಿಡಿಬಿಡಿಯಾದ ಮನೆಗಳು, ಮೂಲೆಯಲ್ಲಿ ಮನೆದೇವರ ಗುಡಿಗಳ ಗುಂಪು. ಅದರಲ್ಲೊಂದು ಕೋಣೆ ನಮ್ಮದು. ಯಜಮಾನಿ ವಾಯಾನ್ ಎಂಬ ನಲವತ್ತರ ಹೆಂಗಸು. ಆಕೆಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ನನ್ನ ಇಂಗ್ಲಿಷನ್ನು ಮಾತ್ರ ಎರಡೆರಡು ಸಲ ಕೇಳುತ್ತಿದ್ದಳು. ಇಪ್ಪತ್ತಾರು ವರ್ಷದ ನನ್ನ ಹೆಮ್ಮೆ ಅಲ್ಲಿಗೆ ಒಂದು ಮೆಟ್ಟಿಲು ಇಳಿಯಿತು.

ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಕ್ಕ ಒಣಗಿದ್ದರಲ್ಲಿ ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿಕೊಂಡು, ಮಂಚದ ಮೇಲೆ ನೆಟ್ಟಗೆ ಕೂತಿದ್ದಳು. ಬಾಯಿ ಆಡುತ್ತಿತ್ತು! ತುಟಿ ತುಸುವೇ ಕೆಂಪಾಗಿತ್ತು.

"ಎಲಿ ಎಲ್ಲಿಂದ ಬಂತು ಅಕ್ಕಾ?"

"ಇವರು ಇಟ್ಟು ಹೋಗ್ಯಾರ, ಹೊಸ್ತಿಲದಾಗ. ತೆಂಗಿನ ಗರಿ ಬುಟ್ಟ್ಯಾಗ ಹೂವ, ಊದಿನಕಡ್ಡಿ, ನಡುವ ಎಲಿ, ಅಡಕಿ, ಸುಣ್ಣ. ಚೂರ ಐತಿ, ಆದ್ರ ಮೂರೂ ಅದಾವು. ಮನ್ಯಾಗ ಏನೋ ಕಾರ್ಯ ಐತಿ ತಂಗೀ, ನಮ್ಮನ್ನ ಕರದಾರ. ಲಗೂ ಸೀರಿ ಉಡು."

ನಮ್ಮ ಕಡೆ ಮನೆಯವರು ಇಲ್ಲದಾಗ ಅಥವಾ ಮಲಗಿದ್ದಾಗ ಕರೆಯಲು ಬಂದವರು ಹೊಸ್ತಿಲ ಮೇಲೆ ಎಲೆ-ಅಡಕೆ ಇಟ್ಟು ಹೋಗುತ್ತಾರೆ. ಅದು ಕರೆದಂತೆಯೇ, ಅದನ್ನು ಬಾಯಿಗೆ ಹಾಕಿಕೊಂಡರೆ ಬರುತ್ತೇನೆಂದು ಮಾತು ಕೊಟ್ಟಂತೆ. ಅಕ್ಕ ಅದನ್ನೇ ಮಾಡಿದ್ದಳು.  ಆದರೆ ನೋಟುಬುಕ್ಕಿನ ಹನ್ನೊಂದನೇ ಪುಟದಲ್ಲಿ ನಾನೇ ಬರೆದಿದ್ದೆ: ಬಾಲಿಯ ಹೆಂಗಸರು ದಿನವೂ ಮನೆ ಮುಂದೆ, ಹೊಸ್ತಿಲಲ್ಲಿ, ಅಂಗಡಿ ಬಾಗಿಲಲ್ಲಿ ಎಡೆ ಇಡುತ್ತಾರೆ, ತುಳಿಯಬಾರದು ಎಂದು. ತುಳಿಯಬಾರದೆಂದು ಬರೆದಿದ್ದೆನೇ ಹೊರತು ತಿನ್ನಬಾರದೆಂದು ಬರೆಯಬೇಕಾದೀತೆಂದು ಯಾರಿಗೆ ಹೊಳೆದೀತು?

ಅಕ್ಕನಿಗೆ ನಿಜ ಹೇಳಲು ಬಾಯಿ ತೆರೆದೆ. ಅವಳು ಸೆರಗು ಸರಿಮಾಡಿಕೊಳ್ಳುತ್ತ ತನ್ನಷ್ಟಕ್ಕೆ ತಾನೇ, "ಒಂಬತ್ತು ವರ್ಷ ಆತು. ಗುರುತಿಲ್ಲದ ಊರಾಗ ಇಟ್ಟಾರ ನೋಡು" ಎಂದಳು. ನಾನು ತೆರೆದ ಬಾಯಿ ಮುಚ್ಚಿದೆ. ಲಗೂ ಸೀರೆ ಉಟ್ಟೆ.

ಅಂಗಳ

ಹೊರಗೆ ಹೋದರೆ ಅಲ್ಲಿ ನಿಜವಾಗಿಯೂ ಒಂದು ಕಾರ್ಯ ಇತ್ತು! ಚಾವಡಿಯಲ್ಲಿ ಏಳೆಂಟು ಹೆಂಗಸರು ಎಳೆಯ ತೆಂಗಿನ ಗರಿಗಳ ರಾಶಿಯ ನಡುವೆ ಕೂತು ಕತ್ತರಿಸುತ್ತ, ಹೆಣೆಯುತ್ತ, ಹರಟುತ್ತಿದ್ದರು. ಮೂರು ದಿನ ಬಿಟ್ಟು ಅವರ ಮನೆದೇವರ ಗುಡಿಯ ಹಬ್ಬ. ಆರೇಳು ತಿಂಗಳಿಗೊಮ್ಮೆ ಬರುತ್ತದಂತೆ. ನಡುವೆ ಕೂತು ಎಲ್ಲರಿಗೂ ಕೆಲಸ ಹೇಳುತ್ತಿದ್ದವಳು ವಾಯಾನ್‌ಳ ಅತ್ತೆ, ಬೆನ್ನು ಬಾಗಿದ ಒಂದು ಅಜ್ಜಿ. ಅಜ್ಜಿ ನಕ್ಕಾಗ ನಾವಿಬ್ಬರೂ ನಿಂತಲ್ಲೇ ನಿಂತೆವು. ಬಾಯೆಲ್ಲ ಕೆಂಪು. ಮೊಣಕಾಲ ಪಕ್ಕದಲ್ಲಿ ಎಲೆ, ಅಡಕೆಯ ತಟ್ಟೆ.

"ಕರದೀರಲ್ಲ, ಬಂದೀವ್ರಿ" ಎಂದು ಅಕ್ಕ ಕೈ ಮುಗಿದು, ಯಾರೂ ಹೇಳದೆ ಅಜ್ಜಿಯ ಮಗ್ಗುಲಲ್ಲಿ ಕೂತುಬಿಟ್ಟಳು.

ವಾಯಾನ್ ನನ್ನ ಕಡೆ ನೋಡಿದಳು. ನಾನು ಅವಳನ್ನು ಪಕ್ಕಕ್ಕೆ ಕರೆದು, ನಾಚಿಕೆಯಿಂದ ಅರ್ಧ ಸತ್ತು, ನಡೆದದ್ದನ್ನೆಲ್ಲ ಹೇಳಿದೆ. ಆಕೆ ಕಣ್ಣರಳಿಸಿ ಕೇಳಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಾನು ಬೇಡವೆಂದರೂ ಕೇಳದೆ ಅದನ್ನು ತನ್ನ ಭಾಷೆಯಲ್ಲಿ ಅತ್ತೆಗೆ ಹೇಳಿದಳು. ಇಡೀ ಚಾವಡಿ ಘೊಳ್ಳೆಂದಿತು. ಅಕ್ಕ ನನ್ನನ್ನು ದುರುಗುಟ್ಟಿ ನೋಡಿ, "ಏನಂತ ಹೇಳಿದಿ?" ಎಂದಳು.

ಈಗ ಮುಚ್ಚಿಡುವಂತಿರಲಿಲ್ಲ. "ಅಕ್ಕಾ, ಅದು ವೀಳ್ಯ ಅಲ್ಲ, ಎಡಿ. ಗುಡ್ಯಾಗ ಎತ್ತರದ ಮ್ಯಾಲ ಇಟ್ಟಿದ್ದು ದೇವರಿಗಂತ, ನೆಲದ ಮ್ಯಾಲ ಇಟ್ಟಿದ್ದು ಭೂತಗಳಿಗಂತ. ನೀ ತಿಂದದ್ದು ಭೂತದ ಪಾಲು" ಎಂದೆ.

ಅಕ್ಕನ ಬಾಯಿ ಆಡುವುದು ನಿಂತಿತು. ಮುಖ ಸಣ್ಣದಾಯಿತು. ಏಳಲೆಂದು ನೆಲಕ್ಕೆ ಕೈಯೂರಿದಳು. ನಿಶ್ಚಯದ ದಿನ ಎದ್ದದ್ದೂ ಹೀಗೆಯೇ. 

ಅಜ್ಜಿ ಅವಳ ಮಣಿಕಟ್ಟು ಹಿಡಿದು ಕೂರಿಸಿತು. ಹಿಡಿದ ಕೈ ಬಿಡದೆ ವಾಯಾನ್‌ಗೆ ಏನೋ ಹೇಳಿತು. ವಾಯಾನ್ ನನಗೆ, ನಾನು ಅಕ್ಕನಿಗೆ ಹೇಳಿದ್ದು ಇಷ್ಟು: ಊದಿನಕಡ್ಡಿ ಉರಿದು ಮುಗಿದ ಮೇಲೆ ಎಡೆಯ ಸಾರವೆಲ್ಲ ಸಲ್ಲಬೇಕಾದವರಿಗೆ ಸಂದಿರುತ್ತದೆ. ಉಳಿದದ್ದನ್ನು ನಾಯಿ, ಕೋಳಿ, ಇರುವೆ ಯಾರು ತಿಂದರೂ ತಪ್ಪಿಲ್ಲ. ಮನುಷ್ಯಳು ತಿಂದದ್ದನ್ನು ಮಾತ್ರ ಅಜ್ಜಿ ಇದೇ ಮೊದಲು ಕಂಡದ್ದಂತೆ. ಬಂದವಳು ಬಂದಳು, ಕರೆದಿದ್ದಕ್ಕೇ ಬಂದಳು ಎಂದುಕೊಳ್ಳೋಣವಂತೆ.

ಇಷ್ಟು ಹೇಳಿ ಅಜ್ಜಿ ತನ್ನ ತಟ್ಟೆಯಿಂದ ಇಡೀ ಒಂದು ಎಲೆ ತೆಗೆದು ಅಕ್ಕನ ಅಂಗೈ ಮೇಲಿಟ್ಟಿತು.

ಅಕ್ಕ ಎಲೆಯನ್ನು ತಿರುಗಿಸಿ ನೋಡಿದಳು, ಮೂಸಿದಳು. "ಎಲಿ ಬಲತೈತಿ. ಸುಣ್ಣ ಮಾತ್ರ ನಂದು ಹಚ್ಚೂಣು" ಎಂದು ಸೊಂಟದಿಂದ ಸ್ಟೀಲ್ ಡಬ್ಬಿ ತೆಗೆದಳು. ಅಜ್ಜಿ ಸವಣೂರಿನ ಸುಣ್ಣ ನಾಲಿಗೆಗಿಟ್ಟು ನೋಡಿ ತಲೆದೂಗಿತು. ಅಲ್ಲಿಂದ ಮುಂದೆ ಅವರಿಬ್ಬರಿಗೂ ನನ್ನ ಇಂಗ್ಲಿಷ್ ಬೇಕಾಗಲಿಲ್ಲ. ಅಜ್ಜಿ ತನ್ನ ಭಾಷೆಯಲ್ಲಿ ಹೇಳುವುದು, ಅಕ್ಕ "ಹೌದ್ರಿ, ನಮ್ಮ ಕಡೇನೂ ಹಂಗ" ಎನ್ನುವುದು. ಸಂಜೆಯೊಳಗೆ ಅಕ್ಕ ಮೂವತ್ತು ಬುಟ್ಟಿ ಹೆಣೆದಿದ್ದಳು. ನಾನು ಹೆಣೆದದ್ದು ನಾಲ್ಕು. ಅದರಲ್ಲಿ ಮೂರನ್ನು ಅಜ್ಜಿ ಸದ್ದಿಲ್ಲದೆ ಬಿಚ್ಚಿ ಮತ್ತೆ ಹೆಣೆಯಿತು.

"ಭೂತದ ಪಾಲು ತಿಂದು ಭೂತನ ಆದ್ನಿ ನೋಡು. ಹೊಡದ್ರೂ ಈ ಮನಿ ಬಿಟ್ಟು ಹೋಗಂಗಿಲ್ಲ" ಎಂದಳು ಅಕ್ಕ ಮಲಗುವಾಗ. ನೆಲಕ್ಕೆ ಇಡುವ ಎಡೆ ಅವಳಿಗೆ ನಮ್ಮ ಚರಗದಂತೆಯೇ ಕಂಡಿತ್ತು. ಹಬ್ಬದ ದಿನ ಹೊಲದ ತುಂಬ ಅನ್ನ ಚೆಲ್ಲುವಾಗ ಯಾರಿಗೆ ಎಂದು ನಾವೇನು ಕೇಳುತ್ತೇವೆಯೇ?

ಗದ್ದೆಗಳು

ನೋಟುಬುಕ್ಕಿನ ಪ್ರಕಾರ ಮರುದಿನ ನಾವು ಮಂಗಗಳ ಕಾಡು, ಅರಮನೆ, ಎರಡು ಗುಡಿ, ಒಂದು ಪೇಟೆ ನೋಡಬೇಕಿತ್ತು. ನೋಡಿದ್ದು ಗದ್ದೆ ಮಾತ್ರ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳ ಬದುವಿನ ಮೇಲೆ ಬೇರೆ ದೇಶದ ಹುಡುಗಿಯರು ಉದ್ದ ಲಂಗ ಹಾರಿಸುತ್ತ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಕ್ಕ ಅವರ ಪಕ್ಕದಲ್ಲೇ ಸೀರೆ ಎತ್ತಿ ಕಟ್ಟಿ ಗದ್ದೆಗೆ ಬಗ್ಗಿ, "ಕಳೆ ತಗದಿಲ್ಲ ನೋಡಿಲ್ಲಿ. ನಮ್ಮಪ್ಪ ಇದ್ದಿದ್ರ ಬೈತಿದ್ದ" ಎಂದು ಒಂದೆರಡು ಕಿತ್ತೇಬಿಟ್ಟಳು. ಒಬ್ಬ ಹುಡುಗಿ ಅಕ್ಕನ ಫೋಟೊ ತೆಗೆದಳು. ಈಗ ಯಾವುದೋ ದೇಶದ ಯಾವುದೋ ಮೊಬೈಲಿನಲ್ಲಿ ಮಾಸೂರಿನ ಗಂಗವ್ವ ಬಾಲಿಯ ರೈತ ಹೆಂಗಸಾಗಿ ನಿಂತಿದ್ದಾಳೆ.

ಊಟಕ್ಕೆ ಮೂರು ಹೊತ್ತೂ ಅನ್ನ. ರೊಟ್ಟಿ ಕಾಣದ ಹೊಟ್ಟೆಗೆ ಅದು ಉಪವಾಸದಂತೆಯೇ. ನಾವು ಒಯ್ದ ಕಡಕ್ ರೊಟ್ಟಿಯನ್ನು ವಾಯಾನ್ ಮೊದಲು ತಟ್ಟೆಯೆಂದು ತಿಳಿದು ಅದರ ಮೇಲೆ ಅನ್ನ ಬಡಿಸಿದಳು. ನಮ್ಮ ಕುರುಕಲು ತಿಂಡಿ ಸವಣೂರು ಖಾರದ ಪೊಟ್ಟಣವನ್ನು ಮಾತ್ರ ಆ ಮನೆಯ ಮಕ್ಕಳು ಒಂದೇ ಮಧ್ಯಾಹ್ನಕ್ಕೆ ಖಾಲಿ ಮಾಡಿದರು.

ಬದುವಿನ ಮೇಲೆ ಕೂತು ಎಳನೀರು ಕುಡಿಯುವಾಗ ಅಕ್ಕ ಇದ್ದಕ್ಕಿದ್ದಂತೆ ಕೇಳಿದಳು. "ಅಜ್ಜಿ ಗಂಡ ಎಲ್ಲ್ಯದಾನ?"

ನಾನು ವಾಯಾನ್‌ಳನ್ನು ಆಗಲೇ ಕೇಳಿದ್ದೆ. "ಹದಿನೈದು ವರ್ಷದ ಹಿಂದ ಹೋದರಂತ."

ಅಕ್ಕ ಕುಡಿದ ಬುರುಡೆಯನ್ನು ಕೆಳಗಿಟ್ಟಳು. ಆಮೇಲೆ, "ಆಕಿನ್ನ ಯಾರೂ ಹಿಂದಕ್ಕ ಸರಸಿಲ್ಲ" ಎಂದಳು. ದೂರಿನ ದನಿಯಲ್ಲ, ಮಳೆ ಬಂತು ಎನ್ನುವ ಹಾಗೆ ಹೇಳಿದಳು. 

ಹಬ್ಬದ ದಿನ

ಹಬ್ಬದ ಬೆಳಿಗ್ಗೆ ವಾಯಾನ್ ನಮ್ಮಿಬ್ಬರ ಸೊಂಟಕ್ಕೂ ಹಳದಿ ವಸ್ತ್ರ ಕಟ್ಟಿದಳು. ಗುಡಿಯೊಳಗೆ ಅದಿಲ್ಲದೆ ಹೋಗುವಂತಿಲ್ಲ. ಹಣ್ಣು, ಅಕ್ಕಿಯ ತಿಂಡಿಗಳನ್ನು ಮೊಳಕ್ಕಿಂತ ಎತ್ತರ ಜೋಡಿಸಿದ ಎಡೆಗಳನ್ನು ಹೆಂಗಸರು ತಲೆಯ ಮೇಲೆ ಹೊತ್ತು ಬಂದರು. ಕಂಚಿನ ತಾಳವಾದ್ಯಗಳು ಮೊಳಗತೊಡಗಿದವು. ನಾವು ಹಿಂದಿನ ಸಾಲಿನಲ್ಲಿ ಕೂತೆವು. ಅಭ್ಯಾಸ ನೋಡಿ, ಅಕ್ಕ ಆ ಸಾಲಿನಲ್ಲೂ ಗೋಡೆಗೆ ಒತ್ತಿಕೊಂಡೇ ಕೂತಳು.

ಪೂಜೆ ಮುಗಿದು ತೀರ್ಥ ಕೊಟ್ಟರು. ತೀರ್ಥದ ಮೇಲೆ ನೆನೆಸಿದ ಅಕ್ಕಿಕಾಳನ್ನು ಹಣೆಗೆ ಅಂಟಿಸುವುದು ಅವರ ಪದ್ಧತಿ. ಅಜ್ಜಿ ಎದ್ದು, ಬಾಗಿದ ಬೆನ್ನಿನಲ್ಲೇ ಎಲ್ಲರನ್ನೂ ದಾಟಿ ನಮ್ಮ ಹತ್ತಿರ ಬಂದಿತು. ಅಕ್ಕನ ಖಾಲಿ ಹಣೆಯ ನಟ್ಟನಡುವೆ ಅಕ್ಕಿಕಾಳು ಒತ್ತಿ, ತನ್ನ ಕಿವಿಯ ಮೇಲಿದ್ದ ದೇವಕಣಗಿಲೆಯನ್ನು ತೆಗೆದು ಅಕ್ಕನ ಕಿವಿಗೆ ಸಿಕ್ಕಿಸಿತು.

ಒಂಬತ್ತು ವರ್ಷಗಳಿಂದ ಹೂವು ಕಂಡರೆ ಅಕ್ಕ ಕೈ ಅಡ್ಡ ಹಿಡಿಯುತ್ತಿದ್ದಳು. ಯಾರಾದರೂ ಮರೆತು ಕೊಡಲು ಬಂದರೆ ಅವರಿಗೆ ಮುಜುಗರವಾಗದಿರಲೆಂದು ತಾನೇ ಮೊದಲು ಸರಿಯುತ್ತಿದ್ದಳು. ಅಂದು ಕೈ ಮೇಲೆ ಏಳಲಿಲ್ಲ. ಹೂವನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ನನ್ನ ಕಡೆ ತಿರುಗಿ, "ನೆಟ್ಟಗ ಐತೇನ?" ಎಂದಳು. ನಾನು ಅತ್ತುಬಿಟ್ಟೆ. "ಅಳೂದ್ಯಾಕ? ಡೊಂಕಾಗಿದ್ರ ನೆಟ್ಟಗ ಮಾಡು" ಎಂದಳು. ನಾನು ನೆಟ್ಟಗೆ ಮಾಡಿದೆ. ಆ ದಿನ ಆ ಅಂಗಳದಲ್ಲಿ ಅವಳಷ್ಟು ಚೆಂದ ಕಂಡವರು ಇನ್ನೊಬ್ಬರಿಲ್ಲ. ಇದನ್ನು ತಂಗಿಯೆಂಬ ಪಕ್ಷಪಾತದಿಂದಲೇ ಹೇಳುತ್ತಿದ್ದೇನೆ.

ಹೊರಡುವ ದಿನ ಅಕ್ಕ ಸುಣ್ಣದ ಸ್ಟೀಲ್ ಡಬ್ಬಿಯನ್ನು ಅಜ್ಜಿಗೆ ಕೊಟ್ಟುಬಂದಳು. ಅಜ್ಜಿ ನನಗೆ ಕೊಟ್ಟದ್ದು ಒಂದು ಬೈಗುಳ. ಬುಟ್ಟಿ ಹೆಣೆಯುವುದನ್ನು ಊರಿಗೆ ಹೋಗಿ ಕಲಿ ಎಂದಿತಂತೆ.

ಸವಣೂರು

ಕಲಿತೆ. ದೀಪಾವಳಿ ಮುಗಿದ ವಾರ ಹಿತ್ತಲಿನ ತೆಂಗಿನ ಎಳೆಗರಿ ಕೊಯ್ದು, ಹತ್ತು ಬುಟ್ಟಿ ಕೆಡಿಸಿ ಹನ್ನೊಂದನೆಯದನ್ನು ಸರಿಯಾಗಿ ಹೆಣೆದೆ. "ಮದಲನೇ ಅರಿಷಿಣ ನಮ್ಮಕ್ಕ ಹಚ್ಚತಾಳ" ಎಂದು ಮನೆಯಲ್ಲಿ ಹೇಳಿದೆ. ಅತ್ತೆಯವರು ಕೈಯಲ್ಲಿದ್ದ ಚಹಾ ಕೆಳಗಿಟ್ಟು, "ಮಂದಿ ಏನಂದಾರು?" ಎಂದರು. "ಅನ್ನಲಿ ಬಿಡ್ರಿ, ನಾ ಉತ್ತರ ಕೊಡ್ತೇನಿ" ಎಂದೆ. ಕೊನೆಗೂ ಮಾತು ಹೊರಗೆ ಬಂದಿತ್ತು. ಅತ್ತೆಯವರು ಮೂಗು ಮುರಿದರು. ಸುಮಾ ನನ್ನನ್ನು ತಬ್ಬಿಕೊಂಡಳು.

ಮರುದಿನ ಮೊದಲ ಬಸ್ಸಿಗೇ ಸವಣೂರಿಗೆ ಹೋದೆ. ಬುಟ್ಟಿಯಲ್ಲಿ ಸೇವಂತಿಗೆ, ಎಲೆ, ಅಡಕೆ, ಒಂದು ಹೊಸ ಸುಣ್ಣದ ಡಬ್ಬಿ. ಅದನ್ನು ಅಕ್ಕನ ಹೊಸ್ತಿಲಲ್ಲಿಟ್ಟು ಬಾಗಿಲು ಬಡಿದು ಪಕ್ಕಕ್ಕೆ ನಿಂತೆ.

ಅಕ್ಕ ಬಾಗಿಲು ತೆಗೆದು ಕೆಳಗೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಯಾವ ಭೂತಕ್ಕ ಇಟ್ಟೀದಿ ಇದನ್ನ?"

"ನಿನಗ ಇಟ್ಟೇನಿ. ಸುಮಾನ ಅರಿಷಿಣಕ್ಕ ಕರ್ಯಾಕ ಬಂದೇನಿ. ಎಲ್ಲಾರ ಮುಂದ, ಮದಲ ನೀನ ಹಚ್ಚಬೇಕು. ನಿಶ್ಚಯದ ದಿನ ನಾ ಬಾಯಿ ಮುಚ್ಚಿಕೊಂಡು ಕುಂತೆ, ತಪ್ಪಾತು ಅಕ್ಕಾ."

ಅಕ್ಕ ಬುಟ್ಟಿ ಎತ್ತಿಕೊಂಡಳು. ಹೊಸ್ತಿಲ ಮೇಲೆಯೇ ಕೂತು, ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಕೆ ಇಟ್ಟು ಮಡಿಚಿ ಬಾಯಿಗೆ ಹಾಕಿಕೊಂಡಳು. ಕಣ್ಣು ತುಂಬಿ ಬಂದಿತ್ತು. "ಸುಣ್ಣ ಖಾರ ಐತಿ" ಎಂದು ಒರೆಸಿಕೊಂಡಳು.

ನಾನೂ ಅವಳ ಪಕ್ಕದಲ್ಲಿ ಕೂತೆ. ಮಾತು ಬದಲಿಸೋಣವೆಂದು ನಾನು, "ಮದುವಿಗೆ ಎಲಿ ಎಷ್ಟು ಕಟ್ಟು ಬೇಕಾಗತಾವು? ಯಾವ ಬಸ್ಸಿಗೆ ತರ್ತೀ?" ಎಂದೆ.

ಅಕ್ಕ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

"ಎಲಿ ಬ್ಯಾರೆ ಯಾರರ ಹೊತ್ತು ತರ್ಲಿ" ಎಂದಳು. "ನನ್ನ ಕರದಾರ."